ಗೂಸ್‌ಬೆರಿ ತೂಗುವವನ ಮಗ

ಹಾಕ್ಸ್‌ಡೇಲಿನಲ್ಲಿ ದೇವರಿಗೆ ಹೆದರುವವರಿಗಿಂತ ಜೋನಸ್ ವೆಲ್ಬರ್ನನ ತಕ್ಕಡಿಗೆ ಹೆದರುವವರೇ ಹೆಚ್ಚು. ದೇವರಾದರೂ ಸತ್ತ ಮೇಲೆ ತೂಗುತ್ತಾನೆ, ಅದೂ ಯಾರಿಗೂ ಕಾಣದಂತೆ. ಜೋನಸ್ ಹಾಗಲ್ಲ. ಪ್ರತಿ ವರ್ಷ ಆಗಸ್ಟಿನ ಮೊದಲ ಮಂಗಳವಾರ, ಊರಿನ ಶಾಲೆಯ ಕೋಣೆಯಲ್ಲಿ, ಎಲ್ಲರ ಕಣ್ಣೆದುರೇ ತೂಗುತ್ತಿದ್ದ. ತೂಗುತ್ತಿದ್ದದ್ದು ಗೂಸ್‌ಬೆರಿ ಹಣ್ಣನ್ನು, ನೆಲ್ಲಿಕಾಯಿಯಷ್ಟೇ ಹುಳಿಯಾದ ಒಂದು ಸಣ್ಣ ಹಣ್ಣನ್ನು.

ಹೊರಗಿನವರು ನಗುತ್ತಾರೆ. ನಗಲಿ. ಸೊಂಟದೆತ್ತರದ ಮುಳ್ಳುಗಿಡದಲ್ಲಿ ಒಂದೆರಡು ಕಾಯಿ ಉಳಿಸಿ ಮಿಕ್ಕಿದ್ದನ್ನೆಲ್ಲ ಚಿವುಟಿ ಎಸೆಯಬೇಕು. ಉಳಿದದ್ದರ ತುದಿ ನೀರಿಗೆ ತಾಗುವಂತೆ ಕೆಳಗೊಂದು ತಟ್ಟೆ ಇಡಬೇಕು. ಇದಕ್ಕೆ ಹಾಲೂಡಿಸುವುದು ಎನ್ನುತ್ತಾರೆ. ಬಿಸಿಲಿಗೆ ಕೊಡೆ, ಹಕ್ಕಿಗೆ ಬಲೆ, ಗುಡುಗುಮಳೆಗೆ ಮಳೆಬಟ್ಟೆ. ಹೆಂಡತಿ ಹೆರಿಗೆ ಕೋಣೆಯಲ್ಲಿ ಕೂಗುತ್ತಿದ್ದಾಗ ಕೊಡೆ ಹಿಡಿದು ಗಿಡದ ಪಕ್ಕ ಕೂತಿದ್ದ ಗಂಡಸರು ಆ ಊರಲ್ಲಿದ್ದರು. ಅವರಲ್ಲಿ ಜೋನಸನೂ ಒಬ್ಬ. ಹಾಗೆ ಹುಟ್ಟಿದವನೇ ಸೆತ್, ಅವನ ಒಬ್ಬನೇ ಮಗ.

ಈ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಭಾರವಾದ, ಬಿರಿಯದ ಹಣ್ಣಿಗೆ ಬೆಳ್ಳಿ ಬಟ್ಟಲು ಬಹುಮಾನ. ತೂಗುವ ಕ್ರಮ ಹೀಗೆ. ಜೋನಸ್ ಹಣ್ಣನ್ನು ತಕ್ಕಡಿಯಿಂದೆತ್ತಿ ಅಂಗೈ ಮೇಲೆ ಉರುಳಿಸಿ ನೋಡುತ್ತಿದ್ದ. ಆಮೇಲೆ ಬೆಳೆದವನ ಹೆಸರು ಕೂಗಿ, ತೂಕ ಕೂಗಿ, ಕಡೆಗೆ ಒಂದೇ ಒಂದು ಮಾತು ಹೇಳುತ್ತಿದ್ದ. ಸಿಪ್ಪೆ ಎಲ್ಲೂ ಬಿರಿದಿರದಿದ್ದರೆ "ಇಡಿ". ಕೂದಲೆಳೆಯಷ್ಟು ಬಿರಿದಿದ್ದರೂ "ಒಡಕು". ಇಡಿ ಎಂದರೆ ಸಾಕು, ಸೇರಿದವರೆಲ್ಲ ಹಲಗೆಯ ನೆಲವನ್ನು ಬೂಟುಗಾಲಲ್ಲಿ ದಡದಡ ಗುದ್ದುತ್ತಿದ್ದರು. ಒಡಕು ಎಂದರೆ ಯಾರೋ ಒಬ್ಬರು ಕೆಮ್ಮುತ್ತಿದ್ದರು, ಅಷ್ಟೆ.

ಜೋನಸ್ ಕಸುಬಿನಲ್ಲಿ ಬಡಗಿ. ಊರವರ ಬಾಗಿಲು, ತೊಟ್ಟಿಲು, ಶವಪೆಟ್ಟಿಗೆ ಎಲ್ಲ ಅವನ ಕೈಯದೇ. ಒಂದು ವರ್ಷ ಸೈಲಸ್ ಹಾರ್ಲ್ಯಾಂಡ್ ಎನ್ನುವವನು ಪ್ರದರ್ಶನಕ್ಕೆ ವಾರವಿದ್ದಾಗ ಎದೆನೋವಿನಿಂದ ತೀರಿಕೊಂಡ. ಅವನಿಗೆ ಪೆಟ್ಟಿಗೆ ಮಾಡಿದವನು ಜೋನಸ್. ಅಳತೆ ತೆಗೆಯಲು ಹೋದಾಗ ಹಿತ್ತಲಿನ ಗಿಡದಲ್ಲಿ ಸೈಲಸನ ಹಣ್ಣನ್ನೂ ಕಣ್ಣಲ್ಲೇ ಅಳೆದು ಬಂದಿದ್ದ. ಅದು ತನ್ನ ಹಣ್ಣಿಗಿಂತ ದಪ್ಪವಿತ್ತು. ಮಂಗಳವಾರ ಸೈಲಸನ ವಿಧವೆ ಮಾರ್ಥಾ ಕರಿಯ ಬಟ್ಟೆಯಲ್ಲೇ ಬಂದು ಹಣ್ಣನ್ನು ಮೇಜಿನ ಮೇಲಿಟ್ಟಳು. ಜೋನಸ್ ಗಂಟಲು ಸರಿಮಾಡಿಕೊಂಡು, "ಸತ್ತವರು ಸ್ಪರ್ಧಿಗಳಲ್ಲ," ಎಂದ. ಅಂಥ ನಿಯಮ ಇರಲಿಲ್ಲ. ಹತ್ತು ನಿಮಿಷದಲ್ಲಿ ಕೈ ಎತ್ತಿಸಿ ನಿಯಮ ಮಾಡಿದರು. ಹಣ್ಣು ತಕ್ಕಡಿ ಹತ್ತಲಿಲ್ಲ. ಆ ವರ್ಷದ ಬೆಳ್ಳಿ ಬಟ್ಟಲು ಜೋನಸನ ಮನೆಗೆ ಹೋಯಿತು.

ಮಾರ್ಥಾ ಕೂಗಾಡಲಿಲ್ಲ. ಆ ಹಣ್ಣು ಹಾಕಿ ಪೈ ಮಾಡಿ, ಒಂದು ಹೋಳನ್ನು ತಟ್ಟೆಯಲ್ಲಿಟ್ಟು ಜೋನಸನ ಮನೆಗೆ ಕಳಿಸಿದಳು. ಜೋನಸ್ ಅದನ್ನು ತಿಂದ. ಚೆನ್ನಾಗಿತ್ತು ಎಂದು ಹೇಳಿ ತಟ್ಟೆ ವಾಪಸ್ಸು ಕಳಿಸಿದ. ಅವನ ಹೆಂಡತಿ ಡೈನಾ ಮಾತ್ರ ಅಂದಿನಿಂದ ಪ್ರದರ್ಶನಕ್ಕೆ ಕಾಲಿಡಲಿಲ್ಲ.

ಸೆತ್ ಬೆಳೆದು ದೊಡ್ಡವನಾದ. ಕೆಟ್ಟ ಹುಡುಗನಲ್ಲ, ಅವನ ಕಷ್ಟವೇ ಅದು. ಯಾರಿಗೂ ಇಲ್ಲ ಎನ್ನಲಾರ. ನಾಯಿ ಬಾಲ ಅಲ್ಲಾಡಿಸಿದರೆ ತನ್ನ ರೊಟ್ಟಿ ಹಾಕುವವನು, ಗಿಡದ ಎಲೆ ಬಾಡಿತೆಂದರೆ ಸುಮ್ಮನಿರುತ್ತಾನೆಯೇ? ನೀರು ಹುಯ್ಯುತ್ತಿದ್ದ. ಬೆಳಿಗ್ಗೆ ಹುಯ್ಯುತ್ತಿದ್ದ, ಸಂಜೆ ಹುಯ್ಯುತ್ತಿದ್ದ, ಮಳೆ ಬಂದ ಮೇಲೂ ಒಂದು ಚೊಂಬು ಹುಯ್ಯುತ್ತಿದ್ದ. ಅತಿಯಾದರೆ ಅಮೃತವೂ ವಿಷ. ಅವನ ಹಣ್ಣುಗಳು ಜುಲೈನಲ್ಲಿ ಊರನ್ನೇ ಬೆರಗುಗೊಳಿಸುವಷ್ಟು ಊದಿ, ಆಗಸ್ಟ್ ಬರುವಷ್ಟರಲ್ಲಿ ಬಿರಿದುಹೋಗುತ್ತಿದ್ದವು. ಎರಡು ವರ್ಷ ಸತತವಾಗಿ ಹೆತ್ತ ಅಪ್ಪನೇ ಊರಿನ ಮುಂದೆ ಅವನ ಹೆಸರು ಕೂಗಿ "ಒಡಕು" ಎಂದ. ತಕ್ಕಡಿಗೆ ಮಗನಿಲ್ಲ ಎನ್ನುವುದು ಜೋನಸನ ದೊಡ್ಡ ಹೆಮ್ಮೆ.

ಮೂರನೆಯ ವರ್ಷದ್ದು ೧೯೧೪ರ ಪ್ರದರ್ಶನ. ಆ ಸಲ ಸೆತ್‌ನ ಹಣ್ಣು ಗಿಡದಲ್ಲಿ ಇಡಿಯಾಗಿತ್ತು, ಪೆಟ್ಟಿಗೆಯಲ್ಲಿ ಇಡಿಯಾಗಿತ್ತು, ಮೇಜಿನವರೆಗೂ ಇಡಿಯಾಗಿಯೇ ಬಂತು. ಅಪ್ಪ ಅದನ್ನು ತಕ್ಕಡಿಗೆ ಎತ್ತುವಾಗ ಚಿಟ್ ಎಂದು ಬಿರಿದು, ರಸ ಜೋನಸ್ ಭಾನುವಾರ ಚರ್ಚಿಗೆ ಹಾಕುವ ಒಳ್ಳೆಯ ಅಂಗಿಗೆ ಹಾರಿತು. ಜನ ಗೊಳ್ಳೆಂದರು. ಜೋನಸ್ ಒಂದು ಗಳಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಜನ ನಕ್ಕಾಗ ಇನ್ನಷ್ಟು ನಗಿಸಬೇಕೆನ್ನುವ ಚಪಲ ದೊಡ್ಡವರನ್ನೂ ಬಿಟ್ಟಿಲ್ಲ.

"ಏನೋ ಸೆತ್, ನೀನು ಮುಟ್ಟಿದ್ದೆಲ್ಲ ಸಿಡಿಯುತ್ತಲ್ಲೋ! ಹೋಗಿ ಫಿರಂಗಿ ದಳ ಸೇರ್ಕೋ ಹೋಗು. ಅಲ್ಲಿ ಸಿಡಿದ್ರೆ ಯಾರೂ ಬೈಯಲ್ಲ, ಸಂಬಳ ಕೊಡ್ತಾರೆ!"

ಕೋಣೆ ಬಿದ್ದು ಬಿದ್ದು ನಕ್ಕಿತು. ಸೆತ್ ಕೂಡ ನಕ್ಕ, ಕೆಂಪಗಾಗಿ ನಕ್ಕ. ಆ ರಾತ್ರಿಯೇ ದೇಶ ಯುದ್ಧ ಸಾರಿತು, ಸುದ್ದಿ ಬೆಳಗಿನ ರೈಲಿನಲ್ಲಿ ಊರಿಗೆ ಬಂತು. ವಾರ ಕಳೆಯುವಷ್ಟರಲ್ಲಿ ಸೆತ್ ಪೇಟೆಗೆ ಹೋಗಿ ಹೆಸರು ಕೊಟ್ಟು ಬಂದ. ಊರಿನ ಮಿಕ್ಕ ಹುಡುಗರೆಲ್ಲ ಕಾಲಾಳು ಪಡೆಗೆ ಸೇರಿದರೆ ಇವನೊಬ್ಬ ಫಿರಂಗಿ ದಳಕ್ಕೆ.

"ಅದ್ಯಾಕೋ ಫಿರಂಗಿ?" ಎಂದು ಡೈನಾ ಕೇಳಿದಳು.

"ಅಪ್ಪ ಹೇಳಿದ್ರಲ್ಲಮ್ಮ," ಎಂದ ಸೆತ್, ಅಂಗಡಿಗೆ ಹೋಗಿ ಉಪ್ಪು ತಂದವನ ಹಾಗೆ.

ಡೈನಾ ಗಂಡನ ಕಡೆ ತಿರುಗಿ ನೋಡಿದಳು. ಜೋನಸ್ ಕಿಟಕಿಯಿಂದಾಚೆ ನೋಡುತ್ತ, ಈ ಸಲ ಗಾಳಿ ಪಶ್ಚಿಮದಿಂದ ಬೀಸುತ್ತಿದೆ ಎಂದ. ಆ ಸೀಮೆಯ ಗಂಡಸರಿಗೆ ಹವಾಮಾನ ಬಹಳ ಉಪಕಾರಿ. ಬಾಯಿಗೆ ಬಂದದ್ದನ್ನು ನುಂಗಿ ಅದರ ಜಾಗದಲ್ಲಿ ಗಾಳಿಮಳೆಯ ಮಾತಾಡಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ತಮಾಷೆಗೆ ಆಡಿದ್ದು ಕಣೋ ಎಂಬ ನಾಲ್ಕು ಮಾತು ಮಗನಿಗೆ ಹೇಳಬೇಕೆಂದು ಜೋನಸ್ ಅಂದೇ ನಿಶ್ಚಯಿಸಿದ. ನಿಶ್ಚಯಿಸಿದ್ದನ್ನು ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಹುಡುಗ ಸಮುದ್ರ ದಾಟುವ ಮೊದಲು ರಜೆಯ ಮೇಲೆ ಬಂದಾಗ ರೈಲು ನಿಲ್ದಾಣದವರೆಗೂ ಜೊತೆಗೆ ನಡೆದ. ರೈಲು ಬಂತು. ಮಗ ಹತ್ತಿದ. ಜೋನಸ್ ಬಾಯಿ ತೆರೆದು, "ನಿನ್ನ ಗಿಡಕ್ಕೆ ಗೊಬ್ಬರ ನಾನು ಹಾಕ್ತೀನಿ," ಎಂದ.

"ನೀರು ಜಾಸ್ತಿ ಹಾಕ್ಬೇಡಿ ಅಪ್ಪಾ," ಎಂದು ಸೆತ್ ಕಿಟಕಿಯಿಂದ ನಕ್ಕ. ಅದೇ ಕಡೆಯ ಮಾತಾಯಿತು.

೧೯೧೬ರ ಜುಲೈನಲ್ಲಿ ಸುದ್ದಿ ಬಂತು. ಜೊತೆಗೆ ಅವನ ಕ್ಯಾಪ್ಟನ್ ಬರೆದ ಕಾಗದವೂ ಬಂತು: ಸೆತ್ ತನ್ನ ಫಿರಂಗಿಯ ಪಕ್ಕದಲ್ಲೇ, ಕರ್ತವ್ಯದಲ್ಲಿದ್ದಾಗಲೇ ವೀರನಾಗಿ ಬಿದ್ದ, ನೋವು ಗೊತ್ತಾಗಲಿಲ್ಲ. ಊರಿಗೆ ಆ ಮಾತು ಹಿಡಿಸಿತು. ಯಾರೂ ಸತ್ತ ಎನ್ನಲಿಲ್ಲ, ಎಲ್ಲರೂ ಬಿದ್ದ ಎಂದರು, ಇನ್ನೇನು ಮೈ ಕೊಡವಿಕೊಂಡು ಎದ್ದಾನು ಎನ್ನುವ ಹಾಗೆ. ಪಬ್ಬಿನಲ್ಲಿ ಜೋನಸ್ ಒಳಗೆ ಬಂದರೆ ಎದ್ದು ಬೆಂಚು ಬಿಟ್ಟುಕೊಡುತ್ತಿದ್ದರು. "ಮಗನ್ನ ದೇಶಕ್ಕೆ ಕೊಟ್ಟೋನಪ್ಪ," ಎನ್ನುತ್ತಿದ್ದರು. ಅಂದು ಬಿದ್ದು ಬಿದ್ದು ನಕ್ಕ ಬಾಯಿಗಳೇ ಅವು. ಆ ದಿನದ ಮಾತನ್ನು ಒಬ್ಬನಾದರೂ ಎತ್ತಿ ಬೈದಿದ್ದರೆ ಜೋನಸನಿಗೆ ಹಗುರಾಗುತ್ತಿತ್ತು. ಆದರೆ ಅವರು ಮರ್ಯಾದಸ್ಥರು. ದೇಶಕ್ಕೆ ಕೊಟ್ಟವನು, ದೇಶಕ್ಕೆ ಕೊಟ್ಟವನು ಎಂದು ಹೇಳಿ ಹೇಳಿ ಅವನನ್ನು ಸುಟ್ಟರು. ಊರಿಗೆಲ್ಲ ಪೆಟ್ಟಿಗೆ ಮಾಡಿದ ಬಡಗಿ ಸಮುದ್ರದಾಚೆಯೇ ಮಣ್ಣಾದ ತನ್ನ ಮಗನಿಗಾಗಿ ಒಂದು ಹಲಗೆಗೂ ಹತ್ತರಿ ಹಿಡಿಯುವ ಹಾಗಿರಲಿಲ್ಲ. ಫಿರಂಗಿಯ ಪಕ್ಕ ಎಂಬ ಆ ಎರಡು ಮಾತನ್ನು ಮಾತ್ರ ಹಿಡಿದುಕೊಂಡ. ಸೈನಿಕನ ಸಾವು, ದೇಶ ಕರೆದದ್ದು, ತನ್ನ ನಾಲಗೆ ಅಟ್ಟಿದ್ದಲ್ಲ ಎಂದು ಅಷ್ಟರಿಂದಲೇ ನಂಬಲು ನೋಡಿದ.

ಪ್ರದರ್ಶನ ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ. ಚಕ್ರವರ್ತಿಗಳು ಬೀಳಲಿ, ಆಗಸ್ಟಿನ ಮೊದಲ ಮಂಗಳವಾರ ಗೂಸ್‌ಬೆರಿ ತೂಗಬೇಕು. ಜೋನಸ್ ತೋಳಿಗೆ ಕರಿಪಟ್ಟಿ ಕಟ್ಟಿಕೊಂಡು ತಕ್ಕಡಿಯ ಹಿಂದೆ ನಿಂತ. ನಾಲ್ಕೈದು ಹಣ್ಣು ತೂಗಿ ಆಗಿತ್ತು. ಆಗ ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. ಗಾಯಗೊಂಡ ಸೈನಿಕರಿಗೆ ಆಸ್ಪತ್ರೆಯಲ್ಲಿ ಕೊಡುವ ನೀಲಿ ಬಟ್ಟೆ, ಕೆಂಪು ಟೈ, ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ.

"ಇಲ್ಲಿ ವೆಲ್ಬರ್ನ್ ಯಜಮಾನ್ರು ಅಂದ್ರೆ... ಓ, ಕೇಳೋದೇ ಬೇಡ, ಸೆತ್‌ಗೂ ಇದೇ ಮೂಗಿತ್ತು," ಎಂದ. "ನಾನು ಪರ್ಸಿ ಡಾಬ್ಸ್ ಅಂತ. ಲಂಡನ್ನಿನ ಮೀನು ಮಂಡೀಲಿ ಬುಟ್ಟಿ ಹೊರ್ತಿದ್ದೆ. ಸೆತ್ ಜೊತೆ ಒಂದೇ ಫಿರಂಗೀಲಿದ್ದೋನು. ತಡವಾಗ್ಲಿಲ್ಲ ತಾನೆ? ಹನ್ನೆರಡು ಗಂಟೆ ಒಳಗೆ ಮೇಜಿಗೆ ತಂದಿಡ್ಬೇಕು ಅಂತ ಅವನು ಸಾವಿರ ಸಲ ಹೇಳಿದ್ದ."

ಜೇಬಿನಿಂದ ಒಂದು ತಂಬಾಕಿನ ಡಬ್ಬಿ ತೆಗೆದು, ಒಂದೇ ಕೈಯಲ್ಲಿ ಒದ್ದಾಡಿ ಮುಚ್ಚಳ ಬಿಚ್ಚಿ, ತಕ್ಕಡಿಯ ಮುಂದಿಟ್ಟ. ಹಸಿ ಪಾಚಿಯ ನಡುವೆ ಒಂದು ಗೂಸ್‌ಬೆರಿ ಇತ್ತು. ದೊಡ್ಡದಾಗಿದ್ದಿರಬೇಕು, ಈಗ ಅಜ್ಜಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿತ್ತು.

"ಇದೇನು?" ಎಂದ ಜೋನಸ್.

"ಸೆತ್ ಬೆಳೆದಿದ್ದು ಸಾರ್. ನಮ್ಮ ಫಿರಂಗಿಗಳ ಹಿಂದೆ ಒಂದು ಬಿದ್ದ ಮನೆ ಇತ್ತು, ಫ್ರೆಂಚರದ್ದು. ಅದರ ಹಿತ್ತಲಲ್ಲಿ ಒಂದೇ ಒಂದು ಗಿಡ. ಅವನು ನೋಡಿದ್ದೇ ತಡ, ಕಳೆದುಹೋದ ತಂಗಿ ಸಿಕ್ಕಿದ ಹಾಗೆ ಮಾಡ್ಬಿಟ್ಟ. ಇದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತು ನಮಗೆ ತಿನ್ನೋಕೆ ಕೊಟ್ಟ. ಅಬ್ಬಾ ಆ ಹುಳೀನೋ! ದಿನಾ ಊಟದ ಡಬ್ಬಿ ಮುಚ್ಚಳದಲ್ಲಿ ನೀರಿಡ್ತಿದ್ದ. ಕ್ಯಾಪ್ಟನ್ ನೋಡಿ, ಏನಯ್ಯಾ ಮಾಡ್ತಿದ್ದೀಯ ಅಂದ್ರೆ, 'ಹಾಲೂಡಿಸ್ತಿದ್ದೀನಿ ಸಾರ್' ಅಂದ. ತಲೆ ಕೆಟ್ಟಿದೆ ಅಂತ ಆಸ್ಪತ್ರೆಗೆ ಕಳಿಸ್ತಿದ್ರೇನೋ, ಆದ್ರೆ ಗುಂಡಿನ ಮೂತಿ ಉಂಗುರ ತಿರುವೋಕೆ ಅವನಂಥೋನು ಇನ್ನೊಬ್ಬ ಇರ್ಲಿಲ್ಲ. ಗುಂಡು ಯಾವ ಕ್ಷಣಕ್ಕೆ ಸಿಡೀಬೇಕು ಅಂತ ಅದರಲ್ಲಿ ಗೊತ್ತು ಮಾಡೋದು. ಇವನು ತಿರುವಿದ್ದು ಒಂದು ಕ್ಷಣ ಮುಂಚೆ ಸಿಡೀಲಿಲ್ಲ, ಒಂದು ಕ್ಷಣ ತಡ ಆಗ್ಲಿಲ್ಲ."

ಕೋಣೆಯಲ್ಲಿ ಯಾರೋ ಕೆಮ್ಮಿದರು. ಪರ್ಸಿಗೆ ಅದೆಲ್ಲ ಏನು ಗೊತ್ತು. ಅವನು ಮುಂದುವರಿಸಿದ.

"'ನಮ್ಮಪ್ಪನೇ ನನ್ನನ್ನ ಫಿರಂಗಿಗೆ ಕಳ್ಸಿದ್ದು' ಅಂತ ಸೆತ್ ಎಲ್ಲರ ಹತ್ರ ಹೆಮ್ಮೆಯಿಂದ ಹೇಳ್ಕೋತಿದ್ದ ಸಾರ್. 'ನಮ್ಮಪ್ಪ ಒಂದು ಸಲ ನೋಡಿ ಹೇಳಿದ್ರೆ ಮುಗೀತು, ನನಗೆ ಯಾವುದು ಸರಿ ಅಂತ ನನಗಿಂತ ಅವರಿಗೆ ಗೊತ್ತು' ಅಂತ."

ಜೋನಸ್ ತಕ್ಕಡಿಯ ಸರಪಳಿ ಹಿಡಿದುಕೊಂಡ. ಎದುರು ಬೆಂಚಿನಲ್ಲಿದ್ದ ಮಾರ್ಥಾ ಹಾರ್ಲ್ಯಾಂಡ್ ಅವನನ್ನೇ ನೋಡುತ್ತಿದ್ದಳು.

"ಅವನು ಫಿರಂಗಿಯ ಪಕ್ಕದಲ್ಲಿ..." ಎಂದು ಶುರುಮಾಡಿದ ಜೋನಸ್.

"ಓ, ಕ್ಯಾಪ್ಟನ್ ಕಾಗದಾನಾ?" ಪರ್ಸಿ ತಲೆ ಕೆರೆದುಕೊಂಡ. "ಒಳ್ಳೇ ಮನುಷ್ಯ ಪಾಪ, ಎಲ್ಲರಿಗೂ ಅದನ್ನೇ ಬರೀತಾರೆ. ನಮ್ಮ ಅಡುಗೆಯೋನು ಹೊಟ್ಟೆನೋವಿಂದ ಹೋದಾಗ್ಲೂ ಫಿರಂಗಿ ಪಕ್ಕಾನೇ ಬಿದ್ದ ಅಂತ ಬರೆದ್ರು. ಇಲ್ಲ ಸಾರ್. ಅವತ್ತು ಸಂಜೆ ಗುಂಡು ಹಾರಿಸೋದೆಲ್ಲ ಮುಗಿದಿತ್ತು. ನಾವು ಟೀ ಕುಡೀತಿದ್ವಿ. ಗುಡುಗೋಕೆ ಶುರುವಾಯ್ತು. ನಿಜವಾದ ಗುಡುಗು, ಮೋಡದ್ದು. ಸೆತ್ ಟೀ ಅಲ್ಲೇ ಇಟ್ಟು ಎದ್ದ. 'ಮಳೆ ನೀರು ಕುಡಿದ್ರೆ ಒಡೆದುಹೋಗುತ್ತೆ, ನಮ್ಮಪ್ಪ ಆವಾಗ್ಲೇ ಹೇಳಿದ್ರು, ನನಗೇ ಗೊತ್ತಾಗ್ಲಿಲ್ಲ' ಅಂದ. ತನ್ನ ಮಳೆಬಟ್ಟೆ ತಗೊಂಡು ಹಿತ್ತಲಿಗೆ ಓಡಿದ. ಸ್ವಲ್ಪ ಹೊತ್ತಿಗೆ ಶತ್ರುಗಳ ಒಂದು ಗುಂಡು ಬಂತು. ಇಡೀ ಸಂಜೇಗೆ ಒಂದೇ ಒಂದು. ಯಾರಿಗೂ ಗುರಿ ಇಟ್ಟಿದ್ದಲ್ಲ. ನಾವು ಹೋಗಿ ನೋಡಿದ್ರೆ ಮಳೆಬಟ್ಟೆ ಗಿಡದ ಮೇಲೆ ಸರಿಯಾಗಿ ಹೊದಿಸಿತ್ತು. ನಾಲ್ಕು ಮೂಲೆಗೂ ಕಲ್ಲಿಟ್ಟಿದ್ದ. ಅವನು ಆ ಕಡೆ ಬೇಲಿ ಹತ್ರ... ಆಮೇಲೆ ರಾತ್ರಿಯೆಲ್ಲ ಮಳೆ ಹೊಯ್ತು ಸಾರ್. ಗಿಡಕ್ಕೆ ಒಂದು ಹನಿ ಬೀಳ್ಲಿಲ್ಲ."

ಹೊರಗೆ ಯಾರದೋ ಕುದುರೆ ಗಾಡಿ ಹೋಯಿತು. ಒಳಗಿದ್ದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳುತ್ತಿದ್ದರು. ಫಿರಂಗಿಯ ಪಕ್ಕ ವೀರನಾಗಿ ಬಿದ್ದವನನ್ನು ಏನೆಂದು ಕರೆಯಬೇಕೆಂದು ಊರಿಗೆ ಗೊತ್ತಿತ್ತು. ಗೂಸ್‌ಬೆರಿಗೆ ಮಳೆಬಟ್ಟೆ ಹೊದಿಸಲು ಹೋಗಿ ಸತ್ತವನಿಗೆ ಏನನ್ನಬೇಕೆಂದು ಗೊತ್ತಿರಲಿಲ್ಲ. ಜೋನಸನ ಕೈಯಿಂದ ಆ ಎರಡು ಮಾತೂ ಜಾರಿಹೋದವು.

"ಬಲಿಯೋವರೆಗೂ ನಾವೇ ನೀರಿಟ್ವಿ," ಎಂದ ಪರ್ಸಿ, ಯಾಕೆ ಎಲ್ಲರೂ ಸುಮ್ಮನಾದರೆಂದು ತಿಳಿಯದೆ ತುಸು ಗಾಬರಿಯಿಂದ. "ಕೀಳೋವಾಗ ಇಬ್ಬರು ಸಾಕ್ಷಿ ಬೇಕು ಅಂತಿದ್ದ. ನಾನು, ನಮ್ಮ ಸಾರ್ಜೆಂಟು ನಿಂತು ನೋಡಿ ಕಿತ್ವಿ. ಆದ್ರೆ ಆಮೇಲೆ ಸಾರ್ಜೆಂಟೂ ಹೋಗ್ಬಿಟ್ರು. ಒಂದು ಸಾಕ್ಷಿ ಸಾಕಾಗುತ್ತಾ ಸಾರ್?"

ಜೋನಸ್ ಬಾಯಿ ತೆರೆದ. ಹವಾಮಾನದ ಮಾತು ಬರುತ್ತದೇನೋ ಎಂದು ಊರು ಕಾದಿತ್ತು. ಬರಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ಬಂದದ್ದು ನಿಯಮ.

"ಸಾಕಾಗಲ್ಲ ಮಗಾ," ಎಂದ. "ಸಾಕ್ಷಿ ಇಬ್ಬರೂ ಇಲ್ಲೇ ನಿಂತು ಹೇಳ್ಬೇಕು. ಹಣ್ಣು ನಮ್ಮ ಚರ್ಚಿನ ಗೋಪುರ ಕಾಣೋ ಜಾಗದಲ್ಲೇ ಬೆಳೆದಿರ್ಬೇಕು. ಮತ್ತೆ..." ಅಲ್ಲಿ ನಿಂತ. ಅದು ಅವನೇ ಮಾಡಿದ ನಿಯಮ, ಅವನೇ ಹೇಳಬೇಕು. "ಮತ್ತೆ, ಸತ್ತವರು ಸ್ಪರ್ಧಿಗಳಲ್ಲ. ನನ್ನ ಮಗ ಸತ್ತಿದ್ದಾನೆ."

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಸುದ್ದಿ ಈಗ ತಾನೇ ಬಂತೇನೋ ಎನ್ನುವ ಹಾಗೆ ಮೇಜಿನ ಅಂಚು ಹಿಡಿದು ನಿಂತುಬಿಟ್ಟ.

ಪರ್ಸಿ ತಲೆತಗ್ಗಿಸಿ ಡಬ್ಬಿಯ ಮುಚ್ಚಳ ಹುಡುಕತೊಡಗಿದ. ಆಗ ಮಾರ್ಥಾ ಎದ್ದಳು. ಗಂಡ ಸತ್ತಂದಿನಿಂದ ಅವಳು ಆ ಕೋಣೆಗೆ ಪ್ರತಿ ವರ್ಷವೂ ಬರುತ್ತಿದ್ದಳು, ಹಣ್ಣು ತರುತ್ತಿರಲಿಲ್ಲ. ಸುಮ್ಮನೆ ಮುಂದಿನ ಬೆಂಚಿನಲ್ಲಿ ಕೂತು ಜೋನಸ್ ತೂಗುವುದನ್ನು ನೋಡಿ ಹೋಗುತ್ತಿದ್ದಳು. ಅದೇ ಅವಳ ಸೇಡು.

"ತೂಗು, ಜೋನಸ್," ಎಂದಳು.

"ನಿಯಮ..."

"ನಿಯಮ ನನಗೆ ಹೇಳಿಕೊಡ್ತೀಯಾ? ಬಟ್ಟಲು ಕೊಡು ಅಂತ ಯಾರು ಕೇಳಿದ್ರು? ಬಟ್ಟಲು ನೀನೇ ಇಟ್ಕೋ, ನಿನಗೆ ಅಭ್ಯಾಸ ಇದೆ. ನನ್ನ ಸೈಲಸನ ಹಣ್ಣನ್ನ ನೀನು ತೂಗ್ಲೇ ಇಲ್ಲ. ಅದೆಷ್ಟು ತೂಗ್ತಿತ್ತೋ ಅಂತ ನಾನು ಇವತ್ತಿಗೂ ಅಂಗೈ ನೋಡ್ಕೋತೀನಿ. ಆ ಹಾಳು ಸಂಕಟ ನಿನಗಾದ್ರೂ ಬೇಡ. ತೂಗಯ್ಯಾ."

ಜೋನಸ್ ಹಣ್ಣನ್ನು ಪಾಚಿಯಿಂದ ಎತ್ತಿ ತಕ್ಕಡಿಗಿಟ್ಟ. ಅಷ್ಟು ಸಣ್ಣ ಕಲ್ಲುಗಳನ್ನು ಅವನು ಎಂದೂ ಹಾಕಿರಲಿಲ್ಲ. ಆ ಮೇಜಿನ ಮೇಲೆ ಅಷ್ಟು ಹಗುರ ಹಣ್ಣು ಕೂತದ್ದೇ ಇಲ್ಲ. ಆಮೇಲೆ ಅದನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿ ನೋಡಿದ. ಪ್ರತಿ ಸುಕ್ಕನ್ನೂ ಬಿಡಿಸಿ ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದ. ಸುತ್ತಲ ಭೂಮಿಯೆಲ್ಲ ಸಿಡಿದು ಚೂರಾದ ಜಾಗದಿಂದ ಬಂದ ಹಣ್ಣು, ಒಂದು ಕೂದಲೆಳೆಯಷ್ಟೂ ಬಿರಿದಿರಲಿಲ್ಲ.

"ಸೆತ್ ವೆಲ್ಬರ್ನ್," ಎಂದು ಕೂಗಿದ. ತೂಕ ಕೂಗಿದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಅದರ ಮುಂದಿನ ಮಾತಿಗೆ ಕಾಯುತ್ತಿದ್ದರು. ಜೋನಸ್ ಚರ್ಚಿನ ತನಕ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಇಡಿ!"

ಊರಿನ ಬೂಟುಗಳೆಲ್ಲ ಒಟ್ಟಿಗೇ ನೆಲವನ್ನು ಗುದ್ದಿದವು. ಹಲಗೆ ನಡುಗಿತು, ಕಿಟಕಿಯ ಗಾಜು ನಡುಗಿತು, ತಕ್ಕಡಿಯ ತಟ್ಟೆಗಳು ಕುಣಿದವು. ಸೆತ್ ಇದ್ದಾಗ ಅವನಿಗಾಗಿ ಒಂದು ಸಲವೂ ಗುದ್ದದ ನೆಲ, ಅದರ ಬಾಕಿಯೆಲ್ಲ ತೀರಿಸುವವರ ಹಾಗೆ ಗುದ್ದಿದರು. ಆ ಸದ್ದಿಗೆ ಪರ್ಸಿ ಡಾಬ್ಸ್ ಬಿಳಿಚಿಕೊಂಡು, ಒಳ್ಳೆಯ ಕೈಯನ್ನು ತಲೆಯ ಮೇಲಿಟ್ಟು, ಮೇಜಿನ ಕೆಳಗೆ ನುಗ್ಗಿ ಮುದುರಿಕೊಂಡ.

ಜೋನಸ್ ಹಣ್ಣನ್ನು ಮುಷ್ಟಿಯಲ್ಲಿ ಮೆಲ್ಲಗೆ ಮುಚ್ಚಿ ಹಿಡಿದು, ಮೊಣಕಾಲೂರಿ ತಾನೂ ಮೇಜಿನ ಕೆಳಗೆ ತೂರಿದ. ನಡುಗುತ್ತಿದ್ದ ಹುಡುಗನ ಹೆಗಲ ಮೇಲೆ ಕೈ ಹಾಕಿದ.

"ಹೆದರ್ಬೇಡ ಮಗಾ," ಎಂದ. "ಏನೂ ಸಿಡೀತಿಲ್ಲ. ಇದು ನಮ್ಮ ಸೆತ್‌ಗೆ ಕಣೋ. ಶಭಾಷ್ ಅಂತಿದ್ದಾರೆ."

ಪರ್ಸಿ ಸ್ವಲ್ಪ ಹೊತ್ತಿಗೆ ಎದ್ದು ಬಂದ. ಜೋನಸ್ ಮಾತ್ರ ಬರಲಿಲ್ಲ. ಮೇಜಿಗೆ ಹಾಸಿದ ಬಿಳಿ ಬಟ್ಟೆಯ ಮರೆಯಲ್ಲಿ ಅಲ್ಲೇ ಕೂತುಬಿಟ್ಟ, ಅವನು ಅಳುವುದು ಎಲ್ಲರಿಗೂ ಕೇಳಿಸುತ್ತಿತ್ತು. ಮಿಕ್ಕ ಹಣ್ಣುಗಳನ್ನು ಆ ದಿನ ಮಾರ್ಥಾ ತೂಗಿದಳು.